ಬೆಳೆಯದ 'ಮಿನಿ ಅಲೋವೆರಾ' ನಿಜಕ್ಕೂ ಲೋಳೆಸರವೇ?

ಪ್ರಶ್ನೆ: ನರ್ಸರಿಯಲ್ಲಿ 'ಮಿನಿ ಅಲೋವೆರಾ' ಅಂತ ಕೊಟ್ಟ ಗಿಡ ವರ್ಷ ಕಳೆದರೂ ಅಂಗೈ ಅಗಲ ದಾಟಿಲ್ಲ. ಇದು ಲೋಳೆಸರದ ಮರಿಯೇ? ಮುಖಕ್ಕೆ ಹಚ್ಚಿಕೊಳ್ಳಬಹುದೇ?

ಉತ್ತರ: ಗಿಡ ಯಾವುದೆಂದು ಖಚಿತವಾಗುವವರೆಗೆ ಹಚ್ಚಿಕೊಳ್ಳಬೇಡಿ. ನರ್ಸರಿಯವರು ಮುಳ್ಳಂಚಿನ ದಪ್ಪ ಎಲೆ ಕಂಡರೆ ಸಾಕು, ಅಲೋವೆರಾ ಅಂದುಬಿಡುತ್ತಾರೆ.

ಬಿಳಿ ಚುಕ್ಕೆಗಳನ್ನು ನಂಬಬೇಡಿ, ಲೋಳೆಸರದ ಮರಿಗೂ ಅವು ಇರುತ್ತವೆ. ಎಲೆಗಳ ಜೋಡಣೆ ನೋಡಿ. ಲೋಳೆಸರದ ಮರಿಯಲ್ಲಿ ಎಲೆಗಳು ಎದುರುಬದುರಾಗಿ ಎರಡೇ ಸಾಲಿನಲ್ಲಿ ಬರುತ್ತವೆ, ಬಿಚ್ಚಿದ ಬೀಸಣಿಗೆಯ ಹಾಗೆ. ನಿಮ್ಮದು ಚಿಕ್ಕಂದಿನಿಂದಲೂ ಸುತ್ತಲೂ ಎಲೆ ಬಿಟ್ಟು ದುಂಡಗಿದ್ದರೆ ಬೇರೆ ಗಿಡವೇ ಇರಬೇಕು.

ಎಲೆಯ ಅಂಚಿನಲ್ಲಿ ಮೆತ್ತನೆಯ ಬಿಳಿ ಹಲ್ಲು, ತುದಿಯಲ್ಲಿ ಉದ್ದ ಕೂದಲಿನಂಥ ಎಳೆ ಇದ್ದರೆ ಅದು ಲೇಸ್ ಅಲೋ. ದಕ್ಷಿಣ ಆಫ್ರಿಕ, ಲೆಸೊಥೊಗಳ ಗಿಡ. 2014ರಲ್ಲಿ ಸಸ್ಯವಿಜ್ಞಾನಿಗಳು ಇದನ್ನು ಅಲೋ ಕುಲದಿಂದ ತೆಗೆದು ಅರಿಸ್ಟಲೋ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಅಂಚಿನಲ್ಲಿ ಮುಳ್ಳೇ ಇಲ್ಲದೆ, ಎಲೆಯ ಬೆನ್ನಿನ ಮೇಲೆ ಬಿಳಿ ಗಂಟುಗಳು ಅಡ್ಡಪಟ್ಟೆಯಾಗಿ ಕೈಗೆ ತರಿತರಿ ಸಿಕ್ಕಿದರೆ ಜೀಬ್ರಾ ಗಿಡ, ಅಂದರೆ ಹಾವರ್ಥಿಯಾಪ್ಸಿಸ್. ಇನ್ನೂ ಅನುಮಾನವಿದ್ದರೆ ಹೂ ಬರಲಿ: ಲೇಸ್ ಅಲೋಗೆ ಕೆಂಪು-ಕಿತ್ತಳೆಯ ಜೋತುಬಿದ್ದ ಕೊಳವೆಗಳು, ಜೀಬ್ರಾಗೆ ತೆಳ್ಳನೆ ಕಡ್ಡಿಯಲ್ಲಿ ಪುಟ್ಟ ಬಿಳಿ ಹೂಗಳು.

ಇವು ದೊಡ್ಡದಾಗದಿರುವುದು ರೋಗವಲ್ಲ, ಅವುಗಳ ಅಳತೆಯೇ ಅಷ್ಟು. ಬೇಗ ಬೆಳೆಯಲೆಂದು ಗೊಬ್ಬರ ಸುರಿಯುವುದು ದಂಡ.

ನಮ್ಮಲ್ಲಿ ಇವುಗಳನ್ನು ಕೊಲ್ಲುವುದು ಬಿಸಿಲಿಗಿಂತ ಹೆಚ್ಚಾಗಿ ನೀರು, ಅದರಲ್ಲೂ ಮಳೆಗಾಲ. ಮಲೆನಾಡು, ಕರಾವಳಿಯವರು ಜೂನ್‌ಗೆ ಮುಂಚೆಯೇ ಕುಂಡವನ್ನು ಸೂರಿನಡಿ ಇಡಿ. ನರ್ಸರಿಯಿಂದ ಬಂದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತೇವ ಹಿಡಿದಿಡುತ್ತದೆ. ಅದನ್ನು ಉದುರಿಸಿ, ತೋಟದ ಮಣ್ಣಿಗೆ ಅದಕ್ಕಿಂತ ಹೆಚ್ಚೇ ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಿ ನೆಡಿ. ತಳದಲ್ಲಿ ತೂತಿರುವ ಮಣ್ಣಿನ ಕುಂಡ ಒಳ್ಳೆಯದು. ಮಣ್ಣು ಒಳಗಿನವರೆಗೆ ಒಣಗಿದ ಮೇಲಷ್ಟೇ ನೀರು, ಎಲೆಗಳ ನಡುವೆ ನಿಲ್ಲದಂತೆ. ಬುಡದ ಎಲೆ ಮೆತ್ತಗಾಗಿ ಪಾರದರ್ಶಕವಾಗಿ ಕಂಡರೆ ಕೊಳೆ ಶುರುವಾಗಿದೆ ಎಂದರ್ಥ.

ಬೆಳಗಿನ ಬಿಸಿಲು ಬೀಳುವ ಪೂರ್ವದ ಬಾಲ್ಕನಿ ಸರಿಯಾದ ಜಾಗ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಎಲೆ ಕೆಂಪಾದರೆ ಗಾಬರಿ ಬೇಡ, ಕೊಂಚ ನೆರಳಿಗೆ ಸರಿಸಿದರೆ ಹಸಿರು ಮರಳುತ್ತದೆ. ಬುಡದಲ್ಲಿ ಬರುವ ಮರಿಗಳನ್ನು ಬೇರು ಸಮೇತ ಬಿಡಿಸಿ, ಗಾಯ ಒಣಗಲು ಎರಡು ಮೂರು ದಿನ ನೆರಳಲ್ಲಿಟ್ಟು ನೆಡಿ. ನೆಟ್ಟ ದಿನವೇ ನೀರು ಹಾಕಬೇಡಿ.