ಗಡ್ಡೆಯೊಳಗೆ ಹಲ್ಲು ಎಲ್ಲಿಂದ ಬಂತು?

ಅಂಡಾಶಯದಿಂದ ತೆಗೆದ ಗಡ್ಡೆಯನ್ನು ಕೊಯ್ದು ನೋಡಿದರೆ ಕೆಲವೊಮ್ಮೆ ಒಳಗೆ ಹಳದಿ ಜಿಡ್ಡು ತುಂಬಿರುತ್ತದೆ. ಜಿಡ್ಡಿನಲ್ಲಿ ಸಿಕ್ಕುಸಿಕ್ಕಾದ ಕೂದಲು. ಒಂದು ಮೂಲೆಯಲ್ಲಿ ಚರ್ಮ ಹೊದ್ದ ಉಬ್ಬು, ಅದರ ಮೇಲೆ ಹಲ್ಲು. ಸುಮ್ನೆ ಹಲ್ಲಿನ ಆಕಾರವಲ್ಲ, ಎನಾಮೆಲ್ ಇರುವ ನಿಜವಾದ ಹಲ್ಲು! ಇದರ ಹೆಸರು ಟೆರಟೋಮಾ. ಜರ್ಮ್ ಸೆಲ್ ಗಡ್ಡೆಗಳ, ಅಂದರೆ ಅಂಡಾಣು, ವೀರ್ಯಾಣುಗಳ ಮೂಲ ಕೋಶಗಳಿಂದ ಹುಟ್ಟುವ ಗಡ್ಡೆಗಳ ಕುಟುಂಬಕ್ಕೆ ಸೇರಿದ್ದು.

ಇದನ್ನು ಕಂಡವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, ಇದು ಶಾಪ ಅಥವಾ ಮಾಟ. ಎರಡನೆಯದು ಸ್ವಲ್ಪ ಓದಿಕೊಂಡವರ ಮಾತು: ಹುಟ್ಟದೇ ಹೋದ ಅವಳಿ ಒಳಗೇ ಉಳಿದುಬಿಟ್ಟಿದೆ. ಎರಡೂ ತಪ್ಪು. ಹಿಂದೆ ಇನ್ನೂ ಕೆಟ್ಟ ಅನುಮಾನವಿತ್ತು, ಹುಡುಗಿಯ ನಡತೆಯ ಮೇಲೆ. 1789ರಲ್ಲೇ ಲಂಡನ್ನಿನ ವೈದ್ಯ ಮ್ಯಾಥ್ಯೂ ಬೇಯ್ಲಿ ಚಿಕ್ಕ ಬಾಲಕಿಯೊಬ್ಬಳ ಅಂಡಾಶಯದಲ್ಲಿ ಕೂದಲು, ಹಲ್ಲು ಕಂಡು, ಇದಕ್ಕೂ ಗರ್ಭ ಕಟ್ಟುವುದಕ್ಕೂ ಸಂಬಂಧವಿಲ್ಲ ಎಂದು ವಾದಿಸಿದ. ಅಷ್ಟು ಹಳೆಯ ಉತ್ತರ ಇನ್ನೂ ಎಲ್ಲರಿಗೂ ತಲುಪಿಲ್ಲ ಅನ್ನೋದು ಬೇಸರದ ಸಂಗತಿ.

ನಿಜವಾದ ಕಾರಣ ಭ್ರೂಣದ ಮೊದಲ ವಾರಗಳಲ್ಲಿದೆ. ಬಂದ ಬೆಳೆಯಲ್ಲಿ ಒಂದಷ್ಟು ಕಾಳನ್ನು ಬಿತ್ತನೆಗೆ ಅಂತ ಬೇರೆ ಎತ್ತಿಡುತ್ತಾರಲ್ಲ, ದೇಹವೂ ಹಾಗೇ ಮಾಡುತ್ತದೆ. ಉಳಿದ ಕೋಶಗಳು ಚರ್ಮ, ಮೂಳೆ, ನರ ಅಂತ ಒಂದೊಂದು ಕೆಲಸಕ್ಕೆ ಕಟ್ಟುಬೀಳುತ್ತವೆ. ಕೆಲವನ್ನು ಮಾತ್ರ ಮುಂದಿನ ಪೀಳಿಗೆಗೆ ತೆಗೆದಿಡಲಾಗುತ್ತದೆ. ಇವೇ ಜರ್ಮ್ ಸೆಲ್‌ಗಳು. ಮುಂದೆ ಅಂಡಾಣು, ವೀರ್ಯಾಣು ಆಗುವಂಥವು. ಇಡೀ ದೇಹ ಕಟ್ಟುವ ಶಕ್ತಿ ಇವುಗಳಲ್ಲಿ ಅಡಗಿರುತ್ತದೆ.

ತಮಾಷೆ ಏನೆಂದರೆ, ಇವು ಇರಬೇಕಾದ ಜಾಗದಲ್ಲಿ ಹುಟ್ಟುವುದಿಲ್ಲ. ಮೂರು ನಾಲ್ಕನೇ ವಾರದಲ್ಲಿ ಭ್ರೂಣದ ಹೊರಗಿನ ಯೋಕ್ ಸ್ಯಾಕ್ ಎಂಬ ಚೀಲದ ಗೋಡೆಯಲ್ಲಿ ಕಾಣಿಸಿಕೊಳ್ಳುತ್ತವೆ. ಅಲ್ಲಿಂದ ಹೊರಟು, ಮುಂದೆ ಕರುಳಾಗುವ ಕೊಳವೆಯ ಗೋಡೆ ಹಿಡಿದು ತೆವಳುತ್ತಾ, ಬೆನ್ನಿನ ಕಡೆ ತಿರುಗಿ, ಅಂಡಾಶಯ ಅಥವಾ ವೃಷಣ ಬೆಳೆಯುವ ಜಾಗ ಸೇರಬೇಕು. ದಾರಿಯುದ್ದಕ್ಕೂ ಸುತ್ತಲಿನ ಕೋಶಗಳು ಒಂದು ಪ್ರೋಟೀನ್ ತಯಾರಿಸುತ್ತವೆ. ಜರ್ಮ್ ಸೆಲ್‌ನ ಮೈಮೇಲಿರುವ ಕಿಟ್ ಎಂಬ ಗ್ರಾಹಕಕ್ಕೆ (ಹೊರಗಿನ ಸಂಕೇತ ಹಿಡಿಯುವ ಅಣು) ಅದು ಸಿಗುತ್ತಿದ್ದರೆ ಕೋಶ ಬದುಕುತ್ತದೆ. ದಾರಿ ತಪ್ಪಿದ ಕೋಶಕ್ಕೆ ಅದು ಸಿಗುವುದಿಲ್ಲ, ತಾನಾಗಿಯೇ ಸಾಯುತ್ತದೆ. ಎಂಥ ಅಚ್ಚುಕಟ್ಟಾದ ಏರ್ಪಾಡು ಅಲ್ವಾ? ವೃಷಣ, ಅಂಡಾಶಯದ ಹೊರಗೆ ಸಿಗುವ ಗಡ್ಡೆಗಳಿಗೆ ದಾರಿ ತಪ್ಪಿಯೂ ಸಾಯದೆ ಉಳಿದ ಕೋಶವೇ ಕಾರಣ ಅನ್ನುವುದು ಹೆಚ್ಚಿನ ವಿಜ್ಞಾನಿಗಳ ವಿವರಣೆ. ಅದಕ್ಕೇ ಅವು ಹೆಚ್ಚಾಗಿ ದೇಹದ ನಡುಗೆರೆಯಲ್ಲೇ ಸಿಗುತ್ತವೆ: ಬಾಲಮೂಳೆಯ ಹತ್ತಿರ, ಎದೆಗೂಡಿನ ನಡುವೆ, ಮೆದುಳಿನ ಪೀನಿಯಲ್ ಗ್ರಂಥಿಯಲ್ಲಿ.

ಹಾಗಾದರೆ ಅವಳಿ ಅಲ್ಲ ಅನ್ನೋದಕ್ಕೆ ಸಾಕ್ಷಿ? 1975ರಲ್ಲಿ ಡೇವಿಡ್ ಲಿಂಡರ್ ಎಂಬ ಸಂಶೋಧಕ ಮತ್ತು ಸಂಗಡಿಗರು ಅಂಡಾಶಯದ ಟೆರಟೋಮಾಗಳನ್ನು ಆಯಾ ಮಹಿಳೆಯ ಅನುವಂಶಿಕ ಗುರುತುಗಳ ಜೊತೆ ಹೋಲಿಸಿ ನೋಡಿದರು. ಒಂದೇ ಅಂಡಾಣುವಿನಿಂದ ಆದ ಅವಳಿಯಾಗಿದ್ದರೆ ಗುರುತುಗಳು ಪೂರ್ತಿ ಒಂದೇ ಇರಬೇಕಿತ್ತು. ಬೇರೆ ಅಂಡಾಣುವಿನದಾಗಿದ್ದರೆ ಅವಳಲ್ಲಿಲ್ಲದ ಗುರುತುಗಳೂ ಇರಬೇಕಿತ್ತು. ಎರಡೂ ಆಗಲಿಲ್ಲ. ಗಡ್ಡೆಯಲ್ಲಿ ಇದ್ದದ್ದೆಲ್ಲ ಅವಳದೇ. ಆದರೆ ಅವಳಲ್ಲಿ ತಂದೆಯಿಂದೊಂದು, ತಾಯಿಯಿಂದೊಂದು ಎಂದು ಎರಡು ಬಗೆ ಇದ್ದ ಕೆಲವು ಕಡೆ ಗಡ್ಡೆಯಲ್ಲಿ ಒಂದೇ ಬಗೆ ಇತ್ತು. ಜೋಡಿ ವರ್ಣತಂತುಗಳನ್ನು (ಕ್ರೋಮೋಸೋಮ್) ಬೇರ್ಪಡಿಸುತ್ತಾ ಅಂಡಾಣು ಆಗುವ ಹಾದಿಯಲ್ಲಿ ಅರ್ಧ ನಡೆದ ಕೋಶದಲ್ಲಿ ಮಾತ್ರ ಹೀಗಾಗಲು ಸಾಧ್ಯ. ಗಂಡಿನ ಪಾಲು ಅದರಲ್ಲಿ ಚೂರೂ ಇಲ್ಲ.

ಇಲ್ಲಿ ಇಲಿಗಳ ಕಥೆಯನ್ನೂ ಹೇಳಲೇಬೇಕು. 1950ರ ದಶಕದಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಲೆರಾಯ್ ಸ್ಟೀವನ್ಸ್ ಎಂಬ ವಿಜ್ಞಾನಿ ಸಿಗರೇಟಿನ ಪರಿಣಾಮವನ್ನು ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದ. 129 ಎಂಬ ತಳಿಯ ಒಂದು ಇಲಿಯ ವೃಷಣದಲ್ಲಿ ಟೆರಟೋಮಾ ಕಂಡಿತು. ಅವನು ಅದರ ಬೆನ್ನು ಬಿದ್ದ. ಆಮೇಲೆ 1975ರಲ್ಲಿ ಬಿಯಾಟ್ರಿಸ್ ಮಿಂಟ್ಸ್ ಮತ್ತು ಕಾರ್ಲ್ ಇಲ್ಮೆನ್ಸೀ ಇಂಥದೇ ಕ್ಯಾನ್ಸರ್ ಗಡ್ಡೆಯ ಕೋಶಗಳನ್ನು ಇಲಿಯ ಎಳೆಯ ಭ್ರೂಣಕ್ಕೆ ಸೇರಿಸಿದಾಗ ಆರೋಗ್ಯವಾದ ಮರಿಗಳು ಹುಟ್ಟಿದವು. ಗಡ್ಡೆಯ ಕೋಶಗಳು ಅವುಗಳ ಮೈಯಲ್ಲಿ ತೆಪ್ಪಗೆ ತಮ್ಮ ಕೆಲಸ ಮಾಡಿಕೊಂಡಿದ್ದವು. ಸರಿಯಾದ ನೆರೆಹೊರೆ ಸಿಕ್ಕರೆ ಕ್ಯಾನ್ಸರ್ ಕೋಶವೂ ದಾರಿಗೆ ಬಂತು! ಇಂದಿನ ಭ್ರೂಣದ ಸ್ಟೆಮ್ ಸೆಲ್ (ದೇಹದ ಯಾವ ಬಗೆಯ ಕೋಶವಾದರೂ ಆಗಬಲ್ಲ ಕೋಶ) ಸಂಶೋಧನೆ ಈ ಗಡ್ಡೆಗಳಿಂದಲೇ ಬೆಳೆದದ್ದು.

ಮಕ್ಕಳಲ್ಲೂ ದೊಡ್ಡವರಲ್ಲೂ ಇದು ಒಂದೇ ರೋಗವಲ್ಲ. ನವಜಾತ ಶಿಶುಗಳಲ್ಲಿ ಬಾಲಮೂಳೆಯ ಹತ್ತಿರದ ಟೆರಟೋಮಾ ಜಾಸ್ತಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಗಡ್ಡೆಯ ಜೊತೆ ಬಾಲಮೂಳೆಯನ್ನೂ ತೆಗೆಯದಿದ್ದರೆ ಮರಳಿ ಬರುವ ಅಪಾಯ ಹೆಚ್ಚು. ಗಂಡಸರಲ್ಲಿ ಹದಿನೈದರಿಂದ ಮೂವತ್ತೈದರ ವಯಸ್ಸಿನಲ್ಲಿ ವೃಷಣದ ಗಡ್ಡೆ ಹೆಚ್ಚು. ಇವುಗಳಲ್ಲಿ ಹನ್ನೆರಡನೇ ವರ್ಣತಂತುವಿನ ಒಂದು ತುಂಡು ಹೆಚ್ಚಾಗಿರುವುದು ಸಾಮಾನ್ಯ. ಚಿಕ್ಕ ಮಕ್ಕಳ ಗಡ್ಡೆಯಲ್ಲಿ ಆ ಗುರುತು ಸಾಮಾನ್ಯವಾಗಿ ಸಿಗುವುದಿಲ್ಲ.

ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಕೈಗೆ ಸಿಕ್ಕರೆ ನಾಚಿಕೆ ಬಿಟ್ಟು ಕೂಡಲೇ ವೈದ್ಯರ ಹತ್ತಿರ ಹೋಗಿ. ನೋವಿಲ್ಲ ಅಂತ ಕಾಯಬೇಡಿ. ಅದು ಕ್ಯಾನ್ಸರ್ ಇದ್ದರೂ ಇರಬಹುದು. ಆದರೆ ವೃಷಣದ ಕ್ಯಾನ್ಸರ್ ಹರಡಿದ ಮೇಲೂ ಗುಣವಾಗಬಲ್ಲ ಕ್ಯಾನ್ಸರ್‌ಗಳಲ್ಲಿ ಒಂದು. ಅದರ ಔಷಧಿ ಸಿಕ್ಕ ಕಥೆ ಹೀಗಿದೆ. 1965ರಲ್ಲಿ ಅಮೆರಿಕದ ವಿಜ್ಞಾನಿ ಬಾರ್ನೆಟ್ ರೋಸೆನ್‌ಬರ್ಗ್ ಪ್ಲಾಟಿನಂ ತಂತಿಗಳ ನಡುವೆ ಬ್ಯಾಕ್ಟೀರಿಯಾ ಬೆಳೆಸಿ ಕರೆಂಟ್ ಹಾಯಿಸಿದಾಗ ಅವು ವಿಭಜನೆಯಾಗುವುದೇ ನಿಂತಿತು. ಕಾರಣ ಕರೆಂಟ್ ಅಲ್ಲ, ತಂತಿಯಿಂದ ಕರಗಿ ಬಂದ ಪ್ಲಾಟಿನಂ. ಅದರಿಂದ ಹುಟ್ಟಿದ ಔಷಧಿ ಸಿಸ್‌ಪ್ಲಾಟಿನ್. 1974ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಇನ್ನೆರಡು ಔಷಧಿಗಳ ಜೊತೆ ಅದನ್ನು ಕೊಡಲು ಶುರುಮಾಡಿದ. ಹರಡಿದ ವೃಷಣ ಕ್ಯಾನ್ಸರ್‌ನಿಂದ ಸಾಯುತ್ತಿದ್ದ ಹುಡುಗರು ಮನೆಗೆ ನಡೆದುಹೋದರು. ಔಷಧಿಯಿಂದ ಕಿವಿ, ಕಿಡ್ನಿಗೆ ಪೆಟ್ಟು ಬೀಳಬಹುದು. ಅದಕ್ಕೇ ಮಕ್ಕಳಿಗೆ ಕೊಡುವಾಗ ಕಿವಿಯನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ದೊಡ್ಡವರು ಚಿಕಿತ್ಸೆಗೆ ಮುಂಚೆ ವೀರ್ಯವನ್ನು ಶೇಖರಿಸಿಡುವ ಬಗ್ಗೆ ಕೇಳಿಕೊಳ್ಳಬೇಕು.

ಆಪರೇಷನ್ ಆದ ಮೇಲೂ ರಕ್ತಪರೀಕ್ಷೆ ನಡೆಯುತ್ತಿರುತ್ತದೆ. ಕೆಲವು ಗಡ್ಡೆಗಳು ಎಎಫ್‌ಪಿ ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಗಡ್ಡೆ ಪೂರ್ತಿ ಹೋಗಿದ್ದರೆ ಅದರ ಮಟ್ಟ ಐದರಿಂದ ಏಳು ದಿನಕ್ಕೊಮ್ಮೆ ಅರ್ಧಕ್ಕಿಳಿಯಬೇಕು. ಆದರೆ ಹಸುಗೂಸಿನ ರಕ್ತದಲ್ಲಿ ಎಎಫ್‌ಪಿ ಸಹಜವಾಗಿಯೇ ಜಾಸ್ತಿ ಇದ್ದು, ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ಮಗುವಿನ ವರದಿಯನ್ನು ದೊಡ್ಡವರ ಪಟ್ಟಿಯ ಪಕ್ಕ ಇಟ್ಟು ಗಾಬರಿಯಾಗಬೇಡಿ. ಮಗುವಿನ ವಯಸ್ಸಿಗೆ ತಕ್ಕ ಪಟ್ಟಿಯನ್ನೇ ನೋಡಿ ಎಂದು ವೈದ್ಯರಿಗೆ ಹೇಳಿ.