ಹಳೇ ಜೀಪಿಗೊಂದು ನಿಧಾನದ ದೀಪ

ಮಲೆನಾಡಿನ ಹಳೇ ಡೀಸೆಲ್ ಜೀಪುಗಳಲ್ಲಿ ಡೀಸೆಲ್ ಮುಳ್ಳನ್ನು ನಂಬುವ ಡ್ರೈವರ್ ಸಿಗುವುದು ಕಷ್ಟ. ಘಾಟಿ ಹತ್ತುವಾಗ ಅರ್ಧ ತೋರಿಸುತ್ತದೆ, ಇಳಿಯುವಾಗ ಕಾಲು. ತೋಟದ ಮಣ್ಣು ರಸ್ತೆಗೆ ಇಳಿದರಂತೂ ಕುಣಿಯುತ್ತಲೇ ಇರುತ್ತದೆ. ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಹಾಗಾಗಿ ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡುವವರೇ ಜಾಸ್ತಿ. ಕಡ್ಡಿ ಸುಳ್ಳು ಹೇಳುವುದಿಲ್ಲ, ಸರಿ. ಆದರೆ ಓಡುವ ಗಾಡಿಯಲ್ಲಿ ಕಡ್ಡಿ ಅದ್ದಲು ಆಗುವುದಿಲ್ಲ ಅಲ್ವಾ?

ಈಗಿನ ಗಾಡಿಗಳಲ್ಲಿ ಬಂಕಿನ ಚಿತ್ರವಿರುವ ಒಂದು ಹಳದಿ ದೀಪ ಇರುತ್ತದೆ. ಡೀಸೆಲ್ ಕಮ್ಮಿಯಾದರೆ ಹೊತ್ತಿಕೊಳ್ಳುತ್ತದೆ. ಹಳೇ ಜೀಪಿಗೂ ಅದನ್ನು ಕೂರಿಸಬಹುದು. ಕೆಲಸ ಚಿಕ್ಕದು, ಒಳಗಿರುವ ವಿಜ್ಞಾನ ಚಿಕ್ಕದಲ್ಲ.

ಮೊದಲು ಮುಳ್ಳಿನ ಕಥೆ ನೋಡೋಣ. ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದರ ಕಡ್ಡಿಯ ಇನ್ನೊಂದು ತುದಿ ತಂತಿ ಸುತ್ತಿದ ಒಂದು ಪಟ್ಟಿಯ ಮೇಲೆ ಜಾರುತ್ತದೆ. ಡೀಸೆಲ್ ಇಳಿದಂತೆ ಫ್ಲೋಟ್ ಇಳಿಯುತ್ತದೆ, ವಿದ್ಯುತ್ತಿಗೆ ಸಿಗುವ ತಡೆ ಬದಲಾಗುತ್ತದೆ. ಯುರೋಪಿನ ಒಂದು ಬಗೆಯ ಫ್ಲೋಟ್ ಯೂನಿಟ್‌ನಲ್ಲಿ ಟ್ಯಾಂಕ್ ಖಾಲಿಯಾದಾಗ 10 ಓಮ್, ತುಂಬಿದಾಗ 180 ಓಮ್. ಅಮೆರಿಕದ ಒಂದು ಬಗೆಯಲ್ಲಿ ಪೂರ್ತಿ ಉಲ್ಟಾ: ಖಾಲಿಗೆ 240, ತುಂಬಿದ್ದಕ್ಕೆ 33. ಹಳೇ ಜೀಪಿಗೆ ಯಾವ ಕಾಲದಲ್ಲಿ ಯಾರು ಯಾವ ಯೂನಿಟ್ ಹಾಕಿದ್ದಾರೋ ಹೇಳಲಿಕ್ಕಾಗದು. ಮಲ್ಟಿಮೀಟರ್ ಹಿಡಿದು ಅಳೆಯದೆ ಮುಂದಕ್ಕೆ ಹೋಗಬೇಡಿ.

ಇನ್ನು ಇಳಿಜಾರು. ಟ್ಯಾಂಕ್ 60 ಸೆಂಟಿಮೀಟರ್ ಉದ್ದವಿದೆ ಅಂದುಕೊಳ್ಳಿ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಒಂದು ತುದಿಯ ಮಟ್ಟಕ್ಕೂ ಇನ್ನೊಂದು ತುದಿಯ ಮಟ್ಟಕ್ಕೂ 6 ಸೆಂಟಿಮೀಟರ್ ವ್ಯತ್ಯಾಸ. ಕೊಡಚಾದ್ರಿಯ ಜೀಪು ದಾರಿಯಂಥ ಕಡೆ ನಾಲ್ಕು ಮೀಟರಿಗೆ ಒಂದು ಮೀಟರ್ ಏರುವ ತುಂಡು ಸಿಕ್ಕಿದರೆ ವ್ಯತ್ಯಾಸ 15 ಸೆಂಟಿಮೀಟರ್. ಟ್ಯಾಂಕಿನಲ್ಲಿ ಕೊನೆಯ ಐದಾರು ಲೀಟರ್ ಉಳಿದಿದ್ದರೆ ಅಷ್ಟೂ ಹಿಂದಿನ ಮೂಲೆಗೆ ಸರಿದುಬಿಡುತ್ತದೆ. ಡೀಸೆಲ್ ಎಳೆಯುವ ಪೈಪು ಮುಂದಿದ್ದರೆ ಅದು ಎಳೆಯುವುದು ಗಾಳಿಯನ್ನು.

ಡೀಸೆಲ್ ಗಾಡಿಗೆ ಇದೇ ದೊಡ್ಡ ತಲೆನೋವು. ಪೆಟ್ರೋಲ್ ಗಾಡಿ ಖಾಲಿಯಾದರೆ ಕ್ಯಾನಿನಲ್ಲಿ ತಂದು ಹಾಕಿ, ಹೊರಡಿ. ಡೀಸೆಲ್ ಗಾಡಿಯಲ್ಲಿ ಪಂಪು ಡೀಸೆಲನ್ನು ಹೊರಗಿನ ಗಾಳಿಯ ಒತ್ತಡದ ನೂರಾರು ಪಟ್ಟಿಗೆ ಏರಿಸಿದರೆ ಮಾತ್ರ ಇಂಜೆಕ್ಟರ್ ಬಾಯಿ ಬಿಡುವುದು. ಲೈನಿನಲ್ಲಿ ಗಾಳಿ ಸೇರಿದರೆ ಆ ಗಾಳಿ ಸುಮ್ನೆ ಕುಗ್ಗಿ ಹಿಗ್ಗುತ್ತದೆ, ಒತ್ತಡ ಏರುವುದೇ ಇಲ್ಲ. ಆಮೇಲೆ ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಏರ್ ತೆಗೆಯಬೇಕು. ಆಗುಂಬೆಯ ಮಳೆಯಲ್ಲಿ ಬಾನೆಟ್ ಎತ್ತಿ ಈ ಕೆಲಸ ಮಾಡುವವರನ್ನು ನೋಡಿದರೆ ದೀಪದ ಬೆಲೆ ಗೊತ್ತಾಗುತ್ತದೆ.

ದೀಪ ಹೊತ್ತಿಸಲು ಎರಡು ದಾರಿ. ಹಳೆಯದು ನನಗೆ ಹೆಚ್ಚು ಇಷ್ಟ. ಅದರಲ್ಲಿ ಫ್ಲೋಟಿನ ಹಂಗಿಲ್ಲ. ಟ್ಯಾಂಕಿನ ತಳಕ್ಕಿಂತ ಸ್ವಲ್ಪ ಮೇಲೆ ಥರ್ಮಿಸ್ಟರ್ ಎಂಬ ಮಣಿ ಇರುತ್ತದೆ. ಬಿಸಿಯಾದಷ್ಟೂ ಅದರ ತಡೆ ಇಳಿಯುತ್ತದೆ. ಈ ಗುಣವನ್ನು ಮೈಕೆಲ್ ಫ್ಯಾರಡೆ 1833ರಲ್ಲೇ ಬೆಳ್ಳಿಯ ಸಲ್ಫೈಡ್‌ನಲ್ಲಿ ಕಂಡಿದ್ದ. ಮಣಿಯನ್ನೂ 3 ವ್ಯಾಟಿನ ಬಲ್ಬನ್ನೂ ಒಂದರ ಹಿಂದೆ ಒಂದು ಜೋಡಿಸಿ 12 ವೋಲ್ಟ್ ಕೊಡಿ. ಮಣಿ ಡೀಸೆಲಿನಲ್ಲಿ ಮುಳುಗಿರುವಾಗ ಹುಟ್ಟಿದ ಬಿಸಿಯನ್ನೆಲ್ಲ ಡೀಸೆಲ್ ಎಳೆದುಕೊಳ್ಳುತ್ತದೆ. ಮಣಿಯ ತಡೆ ಒಂದು ಕಿಲೋ ಓಮ್ ಎಂದರೆ ಹರಿಯುವುದು ಹನ್ನೆರಡು ಮಿಲಿಆಂಪಿಯರ್‌ಗೂ ಕಮ್ಮಿ. ಅಷ್ಟಕ್ಕೆ ಬಲ್ಬು ಮಿಣುಕುವುದೂ ಇಲ್ಲ. ಡೀಸೆಲ್ ಇಳಿದು ಮಣಿ ಗಾಳಿಗೆ ಬಿತ್ತೋ, ಆಟ ಶುರು. ಗಾಳಿ ಅಷ್ಟು ಬೇಗ ಬಿಸಿ ಎಳೆದುಕೊಳ್ಳುವುದಿಲ್ಲ. ಮಣಿ ಬಿಸಿಯಾಗುತ್ತದೆ, ತಡೆ ಇಳಿಯುತ್ತದೆ, ಕರೆಂಟು ಏರುತ್ತದೆ, ಮಣಿ ಇನ್ನೂ ಬಿಸಿಯಾಗುತ್ತದೆ. ಈ ಓಟಕ್ಕೆ ಕಡಿವಾಣ ಹಾಕುವುದು ಬಲ್ಬು. ಹೊತ್ತಿಕೊಂಡ ಬಲ್ಬು ಕಾಲು ಆಂಪಿಯರ್‌ಗಿಂತ ಜಾಸ್ತಿ ಬಿಡುವುದಿಲ್ಲ.

ಮಣಿ ಬಿಸಿಯಾಗಲು ಸಮಯ ಬೇಕು. ಅದೇ ಇದರ ದೊಡ್ಡ ಗುಣ. ಅರೆ ತುಂಬಿದ ಕೊಡದ ಹಾಗೆ ತುಳುಕುವ ಟ್ಯಾಂಕಿನಲ್ಲಿ ಮಣಿ ಕ್ಷಣಕ್ಕೊಮ್ಮೆ ಹೊರಬಂದರೂ ಮುಂದಿನ ಅಲೆ ಅದನ್ನು ತಣ್ಣಗೆ ಮಾಡುತ್ತದೆ, ದೀಪ ಹೊತ್ತುವುದಿಲ್ಲ. ತಿರುವು ತಿರುವಿಗೂ ಹೊತ್ತಿ ಆರುವ ದೀಪವನ್ನು ಎರಡೇ ದಿನದಲ್ಲಿ ಡ್ರೈವರ್ ನೋಡುವುದೇ ಬಿಡುತ್ತಾನೆ. ನಮ್ಮ ರಸ್ತೆಗೆ ತಡವಾಗಿ ಉತ್ತರ ಕೊಡುವ ದೀಪವೇ ಬೇಕು.

ಬಲ್ಬು ತೆಗೆದು 12 ವೋಲ್ಟಿನ (ಒಳಗೇ ರೆಸಿಸ್ಟರ್ ಇರುವ) ಎಲ್ಇಡಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಕಿದರೆ ದೀಪ ಸದಾ ಮಂಕಾಗಿ ಉರಿಯುತ್ತಲೇ ಇರುತ್ತದೆ. ಮುಳುಗಿದ ಮಣಿಯಲ್ಲಿ ಹರಿಯುವ ಹತ್ತು ಮಿಲಿಆಂಪಿಯರ್ ಎಲ್ಇಡಿಗೆ ಧಾರಾಳ ಸಾಕು. ಬೇಕೇ ಬೇಕೆಂದರೆ ಎಲ್ಇಡಿಯ ಪಕ್ಕಕ್ಕೆ 47 ಓಮಿನ 5 ವ್ಯಾಟ್ ರೆಸಿಸ್ಟರ್ ಹಾಕಿ. ಆಗ ಸರ್ಕ್ಯೂಟಿಗೆ ಬಲ್ಬೇ ಇದ್ದಂತಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಯ ಬಿಡಿ ಥರ್ಮಿಸ್ಟರನ್ನು ಟ್ಯಾಂಕಿಗೆ ಇಳಿಬಿಡಬೇಡಿ. ಟ್ಯಾಂಕಿಗೆಂದೇ ಮಾಡಿದ, ಲೋಹದ ಗೂಡಿನೊಳಗಿರುವ ಯೂನಿಟ್ಟನ್ನೇ ತನ್ನಿ. ಅದನ್ನು ಕೂರಿಸಲು ಟ್ಯಾಂಕ್ ಕೊರೆಯುವುದು, ವೆಲ್ಡಿಂಗ್ ಮಾಡುವುದು ಇನ್ನೂ ಅಪಾಯ. ಪೆಟ್ರೋಲ್ ಜೀಪಾದರೆ ಹೇಳುವುದೇ ಬೇಡ: ಪೆಟ್ರೋಲ್ ಆವಿ ಗಾಳಿಯಲ್ಲಿ ಶೇಕಡಾ 1.4ರಿಂದ 7.6ರವರೆಗೆ ಇದ್ದಾಗ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಇರುವ ಮುಚ್ಚಿದ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಆವಿ ಅದಕ್ಕಿಂತ ಜಾಸ್ತಿ ಇರುತ್ತದೆ. ಖಾಲಿ ಮಾಡಿ ಬಾಯಿ ತೆಗೆದಿಟ್ಟ ಟ್ಯಾಂಕೇ ನಿಜವಾದ ಬಾಂಬು.

ಎರಡನೇ ದಾರಿಯಲ್ಲಿ ಟ್ಯಾಂಕ್ ಮುಟ್ಟುವುದೇ ಬೇಡ. ಮೀಟರಿಗೆ ಹೋಗುವ ವೈರಿನ ವೋಲ್ಟೇಜನ್ನು ಎಲ್ಎಂ393 ಎಂಬ, ಎರಡು ವೋಲ್ಟೇಜ್ ಹೋಲಿಸಿ ನೋಡುವ ಪುಟ್ಟ ಚಿಪ್ಪಿಗೆ ತೋರಿಸಿದರೆ, ನಾವು ಪ್ರಿಸೆಟ್ (ಸ್ಕ್ರೂ ತಿರುಗಿಸಿ ತಡೆ ಬದಲಿಸುವ ರೆಸಿಸ್ಟರ್) ತಿರುಗಿಸಿ ಇಟ್ಟ ಮಟ್ಟಕ್ಕಿಂತ ಅದು ಇಳಿದ ಕೂಡಲೇ (ಖಾಲಿಗೆ 240 ತೋರಿಸುವ ಯೂನಿಟ್ಟಾದರೆ ಏರಿದ ಕೂಡಲೇ) ಎಲ್ಇಡಿ ಹೊತ್ತಿಸುತ್ತದೆ. ಎಂಜಿನ್ ನಿಂತಾಗ ಬ್ಯಾಟರಿ 12 ವೋಲ್ಟಿನ ಆಸುಪಾಸು, ಓಡುವಾಗ 14. ಎರಡೂ ಕಡೆಯ ವೋಲ್ಟೇಜನ್ನು ಅದೇ ಬ್ಯಾಟರಿಯಿಂದ ಪಾಲು ಮಾಡಿ ತೆಗೆದರೆ ಈ ಏರಿಳಿತ ಲೆಕ್ಕಕ್ಕೆ ಬರುವುದಿಲ್ಲ. ಕಾಲೇಜಿನಲ್ಲಿ ಓದಿದ ವೀಟ್‌ಸ್ಟನ್ ಬ್ರಿಡ್ಜ್ ಇದೇ. ಅದನ್ನು ಮೊದಲು ಕಂಡವನು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ, ಅದೂ ಫ್ಯಾರಡೆಯ ಅದೇ 1833ರಲ್ಲಿ. ಹೆಸರು ಮಾತ್ರ ಆಮೇಲೆ ಜನಕ್ಕೆ ತಿಳಿಸಿದ ವೀಟ್‌ಸ್ಟನ್‌ಗೆ ಹೋಯಿತು.

ಚಿಪ್ಪಿಗೆ ಮಣಿಯ ನಿಧಾನ ಇಲ್ಲ, ನಾವೇ ಕೊಡಬೇಕು. 220 ಕಿಲೋ ಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಗುಣಿಸಿದರೆ 22 ಸೆಕೆಂಡ್. ತಿರುವಿನ ತುಳುಕಾಟ ಅದರಲ್ಲಿ ಕರಗಿಹೋಗುತ್ತದೆ. ಖಾಲಿಗೆ 10 ಓಮ್ ತೋರಿಸುವ ಯೂನಿಟ್ ಇದ್ದರೆ ಇನ್ನೊಂದು ಲಾಭ ಪುಕ್ಕಟೆ. ಕೀ ತಿರುಗಿಸಿದಾಗ ಕೆಪಾಸಿಟರ್ ಬರಿದಾಗಿರುತ್ತದೆ, ಚಿಪ್ಪಿಗೆ ಟ್ಯಾಂಕ್ ಖಾಲಿಯೆಂದೇ ಕಾಣುತ್ತದೆ. ದೀಪ ಕೆಲವು ಸೆಕೆಂಡ್ ಹೊತ್ತಿ ಆರುತ್ತದೆ. ದೀಪ ಸತ್ತಿಲ್ಲವೆಂದು ದಿನಾ ಬೆಳಿಗ್ಗೆ ಗೊತ್ತಾಗುತ್ತದೆ.

ಆದರೆ ಇದೇ ಯೂನಿಟ್‌ಗೆ ಮಲೆನಾಡಿನ ಮಳೆ ಆಗಿಬರುವುದಿಲ್ಲ. ಅರ್ಥಿಂಗ್ ಜಾಗದಲ್ಲಿ ತುಕ್ಕು ಹಿಡಿದು 20 ಓಮ್ ಸೇರಿಕೊಂಡಿತು ಅನ್ನಿ. ಖಾಲಿ ಟ್ಯಾಂಕ್ 30 ಓಮ್ ತೋರಿಸುತ್ತದೆ. ಇನ್ನೂ ಡೀಸೆಲ್ ಇದೆಯೆಂದು ಮುಳ್ಳೂ ದೀಪವೂ ಒಟ್ಟಿಗೇ ಮೋಸ ಹೋಗುತ್ತವೆ. ವೈರು ತುಂಡಾದರೆ ಟ್ಯಾಂಕ್ ಫುಲ್! ಹಾಗಾಗಿ ಯೂನಿಟ್ಟಿನಿಂದ ಚಾಸಿಗೆ ಪ್ರತ್ಯೇಕ ಅರ್ಥ್ ವೈರ್ ಎಳೆಯಿರಿ. ಎಲ್ಎಂ393ರ ಒಳಗೆ ಎರಡು ಹೋಲಿಕೆಗಾರರು ಇರುತ್ತಾರೆ. ಎರಡನೆಯವನು ಸುಮ್ನೆ ಕೂತಿರುತ್ತಾನೆ, ಫುಲ್‌ಗಿಂತಲೂ ಮೇಲೆ ಹೋದರೆ ದೀಪ ಹೊತ್ತಿಸುವ ಕೆಲಸ ಅವನಿಗೆ ಕೊಡಿ. ಬಿಸಿಗೆ ಬಾಗುವ ಪಟ್ಟಿ ಮುಳ್ಳನ್ನು ಸರಿಸುವ ಬೈಮೆಟಲ್ ಮೀಟರಿರುವ ಹಳೇ ಗಾಡಿಗಳಲ್ಲಿ ವೋಲ್ಟೇಜ್ ಬಿಟ್ಟು ಬಿಟ್ಟು ಬರುತ್ತದೆ, ಅಲ್ಲಿ ಮಣಿಯೇ ವಾಸಿ.

ಉದ್ದದ ಘಾಟಿಗೆ ಮಾತ್ರ ಯಾವ ಸರ್ಕ್ಯೂಟೂ ಉತ್ತರವಲ್ಲ. ಹತ್ತು ನಿಮಿಷ ಮೂತಿ ಮೇಲೆತ್ತಿಕೊಂಡೇ ಹೋಗುವ ಗಾಡಿಗೆ 22 ಸೆಕೆಂಡ್ ಯಾವ ಮೂಲೆಗೆ? ಅಲ್ಲಿ ಬೇಕಾದ್ದು ಕೈಯಲ್ಲಿ ಮಿಗುವ ಡೀಸೆಲ್. ಟ್ಯಾಂಕ್ ಬರಿದು ಮಾಡಿ, ನೀವು ಓಡಾಡುವ ದಾರಿಯಷ್ಟೇ ಏರಿನಲ್ಲಿ ಗಾಡಿ ನಿಲ್ಲಿಸಿ, ಕ್ಯಾನಿನಿಂದ ಲೀಟರ್ ಲೀಟರ್ ಸುರಿಯುತ್ತಾ ಪೈಪಿಗೆ ಡೀಸೆಲ್ ಎಟಕುವುದು ಎಷ್ಟಕ್ಕೆಂದು ನೋಡಿ. ಮೂರು ಲೀಟರಿಗೆ ಎಟಕಿದರೆ ದೀಪವನ್ನು ಎಂಟಕ್ಕೆ ಇಡಿ. ಮಿಕ್ಕ ಐದು ಲೀಟರಿನಲ್ಲಿ, ಲೀಟರಿಗೆ ಹತ್ತು ಕಿಲೋಮೀಟರ್ ಓಡುವ ಜೀಪು ಡಾಂಬರು ರಸ್ತೆಯಲ್ಲಿ ಐವತ್ತು ಕಿಲೋಮೀಟರ್ ಹೋಗುತ್ತದೆ. ಆಗುಂಬೆಯಿಂದ ತೀರ್ಥಹಳ್ಳಿಗೆ ಬೇಕಾದಷ್ಟಾಯಿತು. ಲೋ ಗೇರಿನಲ್ಲೇ ಜಾಸ್ತಿ ಓಡಿಸುವವರು ಇನ್ನೂ ನಾಲ್ಕೈದು ಲೀಟರ್ ಸೇರಿಸಿಕೊಳ್ಳಿ. ಪ್ರಿಸೆಟ್ ತಿರುಗಿಸುವುದು ಮಾತ್ರ ಗಾಡಿಯನ್ನು ಸಮತಟ್ಟು ಅಂಗಳಕ್ಕೆ ತಂದ ಮೇಲೆ. ಆಮೇಲೆ ಅದರ ಸ್ಕ್ರೂ ಮೇಲೆ ಒಂದು ಹನಿ ನೇಲ್ ಪಾಲಿಶ್ ಬಿಡಿ. ಇಲ್ಲದಿದ್ದರೆ ನಮ್ಮ ಗುಂಡಿಗಳೇ ಅದನ್ನು ತಿರುಗಿಸಿ ಹಾಕುತ್ತವೆ.