ಪೆಟ್ರೋಲ್‌ಗೆ ಬೆರೆಸುವ ಸಾರ ಮತ್ತು ಅದರ ಕಟ್ಟಿಗೆ ಲೆಕ್ಕ

ಗೇರುಹಣ್ಣಿನ ಸೀಸನ್‌ನಲ್ಲಿ ಹಿಂದೆ ನಮ್ಮ ಹಳ್ಳಿಗಳಲ್ಲಿ ಕದ್ದುಮುಚ್ಚಿ ಭಟ್ಟಿ ಇಳಿಸುತ್ತಿದ್ದವರನ್ನು ಕೇಳಿ ನೋಡಿ. ಹಣ್ಣು ಮರದಡಿ ಸುಮ್ನೆ ಕೊಳೆಯುತ್ತದೆ, ಅದಕ್ಕೆ ದುಡ್ಡಿಲ್ಲ. ಖರ್ಚೆಲ್ಲ ಕಟ್ಟಿಗೆಗೆ. ಈಗ ಮಂಗಳೂರಿನ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ಎಥನಾಲ್ ಅಂತ ಬೋರ್ಡ್ ಇರುತ್ತದಲ್ವಾ, ಅದೂ ಭಟ್ಟಿ ಇಳಿಸಿದ ಸಾರವೇ. ಅದರ ಸುತ್ತ ಸುಮಾರು 50 ವರ್ಷದಿಂದ ನಡೆದಿರುವುದೂ ಇದೇ ಕಟ್ಟಿಗೆ ಜಗಳ: ಮಾಡಲು ಸುಡುವ ಇಂಧನ ಎಷ್ಟು, ಕೈಗೆ ಸಿಗುವ ಶಕ್ತಿ ಎಷ್ಟು?

1973ರಲ್ಲಿ ತೈಲದ ಬೆಲೆ ಗಗನಕ್ಕೇರಿತು. ಬ್ರೆಜಿಲ್ 1975ರಲ್ಲಿ ಕಬ್ಬಿನ ಎಥನಾಲ್‌ ಹಿಡಿಯಿತು. ಕಬ್ಬಿನ ಸಿಪ್ಪೆ ಸುಟ್ಟರೆ ಬಾಯ್ಲರ್‌ಗೆ ಸಾಕು, ಹೊರಗಿಂದ ಏನೂ ತರಬೇಕಿಲ್ಲ. ಅಮೆರಿಕ 1978ರಲ್ಲಿ ತೆರಿಗೆ ರಿಯಾಯಿತಿ ಕೊಟ್ಟು ಮೆಕ್ಕೆಜೋಳದ ಹಿಂದೆ ಬಿತ್ತು. ಅಲ್ಲೇ ತೊಂದರೆ ಶುರು. ಕಾಳಿನಲ್ಲಿರುವುದು ಸಕ್ಕರೆ ಅಲ್ಲ, ಪಿಷ್ಟ. ಅದನ್ನು ಪುಡಿ ಮಾಡಿ, ಬೇಯಿಸಿ, ಕಿಣ್ವ ಹಾಕಿ ಸಕ್ಕರೆ ಮಾಡಿ ಆಮೇಲೆ ಹುಳಿ ಬರಿಸಬೇಕು, ಇಷ್ಟೆಲ್ಲ ಆದ ಮೇಲೂ ಕೈಗೆ ಸಿಗುವುದರಲ್ಲಿ ಹೆಚ್ಚಿನ ಪಾಲು ನೀರೇ. ಕುದಿಸಿ ಇಳಿಸಿದರೆ 95%ರವರೆಗೆ ಬರುತ್ತದೆ, ಅಲ್ಲಿಂದ ಮುಂದೆ ನೀರೂ ಸಾರವೂ ಒಟ್ಟಿಗೇ ಆವಿಯಾಗುತ್ತವೆ. ಉಳಿದ ನೀರು ತೆಗೆಯಲು ಬೇರೆಯೇ ವ್ಯವಸ್ಥೆ ಬೇಕು.

ಇಷ್ಟು ಬೆಂಕಿ ಹಾಕಿ ಏನು ಸಿಕ್ಕಿತು? ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಪಿಮೆಂಟೆಲ್ ನಷ್ಟವೇ ಎಂದರು. 2005ರಲ್ಲಿ ಅವರು, ಟ್ಯಾಡ್ ಪಾಟ್ಜೆಕ್ ಎಂಬ ಇನ್ನೊಬ್ಬ ವಿಜ್ಞಾನಿ ಸೇರಿ ಹಾಕಿದ ಲೆಕ್ಕದ ಪ್ರಕಾರ ಮೆಕ್ಕೆಜೋಳದ ಎಥನಾಲ್ ಕೊಡುವ ಶಕ್ತಿಗಿಂತ 29% ಜಾಸ್ತಿ ಇಂಧನ ಅದನ್ನು ಮಾಡಲು ಬೇಕು. ಅಮೆರಿಕದ ಕೃಷಿ ಇಲಾಖೆ ಮಾತ್ರ ಲಾಭ ಎಂದೇ ಹೇಳುತ್ತಿತ್ತು. ಇಬ್ಬರೂ ಸುಳ್ಳು ಹೇಳಲಿಲ್ಲ, ಗೆರೆ ಎಳೆದ ಜಾಗ ಬೇರೆ ಅಷ್ಟೆ. ಉಳಿಯುವ ಚರಟ ದನಗಳಿಗೆ ಒಳ್ಳೆಯ ಹಿಂಡಿ, ಅದನ್ನು ಜಮೆಗೆ ಹಾಕಬೇಕೋ ಬೇಡವೋ? 2006ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಆರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಷ್ಟ ಎಂದವರು ಹಿಂಡಿಯನ್ನು ಬಿಟ್ಟಿದ್ದಾರೆ, ಕೆಲವು ಅಂಕಿಗಳೂ ಹಳೆಯವು, ಲಾಭ ಇದೆ ಆದರೆ ಸಣ್ಣದು ಎಂದರು.

ಈ ಖರ್ಚಿನಲ್ಲಿ ಗೊಬ್ಬರದ ಪಾಲೂ ದೊಡ್ಡದು. ಪಣಂಬೂರಿನ ಯೂರಿಯಾ ಕಾರ್ಖಾನೆ ಮೊದಲು ಕಚ್ಚಾ ತೈಲದಿಂದ ಬರುವ ನಾಫ್ತಾದಲ್ಲಿ ನಡೆಯುತ್ತಿತ್ತು, 2021ರಲ್ಲಿ ಕೊಚ್ಚಿಯಿಂದ ಗ್ಯಾಸ್ ತರುವ ಪೈಪ್‌ಲೈನ್ ಉದ್ಘಾಟನೆಯಾಯಿತು, ಈಗ ಗ್ಯಾಸ್. ಮೆಕ್ಕೆಜೋಳಕ್ಕೆ ಹಾಕುವ ಯೂರಿಯಾ ಅಂದರೆ ಒಂದು ರೀತಿಯಲ್ಲಿ ಗ್ಯಾಸೇ.

ನಮ್ಮಲ್ಲಿ 2003ರಲ್ಲಿ 5% ಬೆರಕೆ ಶುರುವಾದದ್ದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯ ಎಥನಾಲ್‌ನಿಂದ. 2018ರ ಜೈವಿಕ ಇಂಧನ ನೀತಿ ಹಾಳಾದ ಧಾನ್ಯಕ್ಕೆ ಬಾಗಿಲು ತೆರೆಯಿತು, ಆಮೇಲೆ ಭಾರತೀಯ ಆಹಾರ ನಿಗಮದ (ಎಫ್‌ಸಿಐ) ಗೋದಾಮಿನ ಅಕ್ಕಿಯೂ ಬಂತು. 2023ರ ಜುಲೈನಲ್ಲಿ ಆ ಅಕ್ಕಿ ನಿಂತಾಗ ಡಿಸ್ಟಿಲರಿಗಳು ಮೆಕ್ಕೆಜೋಳಕ್ಕೆ ತಿರುಗಿದವು. 2023-24ರಲ್ಲಿ ಧಾನ್ಯದ ಪಾಲು ಕಬ್ಬಿನದ್ದನ್ನು ದಾಟಿತು.

ನನಗನಿಸುವುದು, ಒಂದೇ ಅಂಕಿ ಹಿಡಿದು ಜಗಳವಾಡುವುದು ದಂಡ. ಬಾಯ್ಲರ್‌ನಲ್ಲಿ ಏನು ಉರಿಯುತ್ತಿದೆ ಎಂದು ಕೇಳಬೇಕು. ನಮ್ಮ ಕುಚ್ಚಲಕ್ಕಿ ಮಿಲ್ಲುಗಳಲ್ಲಿ ಭತ್ತ ಬೇಯುವುದು ಅದೇ ಭತ್ತದ ಉಮಿಯ ಬೆಂಕಿಯಲ್ಲಿ. ಡಿಸ್ಟಿಲರಿಯೂ ಹಾಗೆ ನಡೆದರೆ ಲೆಕ್ಕ ಒಂದು, ಕಲ್ಲಿದ್ದಲು ಉರಿಸಿದರೆ ಪೂರ್ತಿ ಬೇರೆ.

ಇನ್ನೊಂದಿದೆ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಎಥನಾಲ್‌ನಲ್ಲಿ 21. ಮೆಕ್ಕೆಜೋಳ ಬೆಳೆಯುವುದು ಘಟ್ಟದ ಮೇಲೆ, ಎಥನಾಲ್ ಬರುವುದು ಟ್ಯಾಂಕರ್‌ನಲ್ಲಿ, ಆ ಟ್ಯಾಂಕರ್ ಕುಡಿಯುವ ಡೀಸೆಲ್ಲನ್ನೂ ಈ 21ರಿಂದಲೇ ಕಳೆಯಬೇಕು.